ಎರಡು ಕಿಟಕಿಯ ಟಾಕಿ

ಇವತ್ತು ಮಾಡಿದ ಕೆಲಸ ಇಷ್ಟು. ಎದ್ದು ಹಾಸಿಗೆ ಮಡಚಿಟ್ಟೆ. ಉಗುರಿನ ಸಂದಿಗೆ ಸೇರಿಕೊಂಡ ಸುಣ್ಣಕ್ಕೆ ಎಣ್ಣೆ ಹಚ್ಚಿ ತಿಕ್ಕಿದೆ, ಪೂರ್ತಿ ಹೋಗಲಿಲ್ಲ. ಎರಡು ಸೀರೆ ಜಾಲಿಸಿ ಹಿಂಡಿ, ಆ ನೀರನ್ನು ನಿಂಬೆಗಿಡದ ಬುಡಕ್ಕೆ ಹೊಯ್ದೆ. ದ್ರಾಕ್ಷಿ ಚಪ್ಪರದ ಕೆಳಗೆ ಬಿದ್ದ ಎಲೆ ಗುಡಿಸಿದೆ. ಜೋಳದ ಹಿಟ್ಟಿನ ಚೀಲ ಅಲುಗಾಡಿಸಿ ನೋಡಿದೆ, ನಾಲ್ಕು ರೊಟ್ಟಿಗೆ ಸಾಕು. ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆದಾಗ ಬೀದಿಗೆ ಹೋಗಿ, ಕಲಿತ ಒಂದೇ ಮಾತಿನಲ್ಲಿ ನಮಸ್ಕಾರ ಹೇಳಿ, ಒಂದು ದುಂಡನೆ ಬ್ರೆಡ್ಡು ತಂದೆ. ಬ್ಯಾಗು ತುಂಬಿದೆ. ಖಾನಾಪುರಕ್ಕೆ ಫೋನು ಮಾಡಿ, ಮನೆ ಕಟ್ಟುವ ಪರಶರಾಮ ಗೌಂಡಿಗೆ ಹೇಳಬೇಕಾದ ಮಾತು ಹೇಳಿದೆ.

ಸಂಜೆಯ ಬಸ್ಸಿಗೆ ನಾನು ಈ ಊರು ಬಿಡುತ್ತೇನೆ. ಪೋರ್ತುಗಲ್ ದೇಶದ ಒಣ ಸೀಮೆಯ ಒಂದು ಸಣ್ಣ ಹಳ್ಳಿ. ಅದರ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ನೆಟ್ಟಗೆ ನಿಲ್ಲುವುದಿಲ್ಲ. ಗೌಂಡಿಗೆ ಹೇಳಿದ ಮಾತು ತಿಳಿಯಬೇಕೆಂದರೆ ಬೆಳಗಾವಿಯ ಕ್ಯಾಂಪಿನಿಂದಲೇ ಸುರು ಮಾಡಬೇಕು.

ಕ್ಯಾಂಪ್

ನಾನು ಬೆಳಗಾವಿಯ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತೇನೆ. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ಫಿಲೋಮಿನಾ, ಖಾನಾಪುರದವಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮದುವೆ ಅವಳೂ ಮಾಡಿಕೊಳ್ಳಲಿಲ್ಲ, ನಾನೂ ಮಾಡಿಕೊಳ್ಳಲಿಲ್ಲ. ಹಿಂದೆ ಬ್ರಿಟಿಷರ ದಂಡು ಇದ್ದ ಕ್ಯಾಂಪಿನ ಒಂದು ಹಳೇ ಬಂಗಲೆಯ ಹಿಂಭಾಗ ಬಾಡಿಗೆಗೆ ಹಿಡಿದು ಬಹಳ ವರ್ಷ ಕೂಡಿ ಇದ್ದೆವು. ಒಂದೇ ಅಡುಗೆಮನೆ, ಎರಡು ಹಂಚು: ಒಂದು ಅವಳ ಮೀನಿಗೆ, ಒಂದು ನನ್ನ ರೊಟ್ಟಿಗೆ. ಹಂಚು ಅದಲುಬದಲಾದ ದಿನ ಮಾತ್ರ ಜಗಳ.

ಅವಳ ತಂದೆ ಹುಟ್ಟಿದ್ದು ಗೋವಾದಲ್ಲಿ, ಅಲ್ಲಿ ಪೋರ್ತುಗೀಜರು ಇದ್ದ ಕಾಲದಲ್ಲಿ. ಆ ಆಧಾರದ ಮೇಲೆ ಅಣ್ಣನಿಗೆ ಈ ದೇಶದ ಕಾಗದಪತ್ರ ಸಿಕ್ಕಿತು, ಆಮೇಲೆ ಅವಳಿಗೂ. ಅಣ್ಣ ಇಲ್ಲಿ ಒಂದು ಹಳೇ ಮನೆ ಕೊಂಡು, ಕೆಲಸಕ್ಕೆಂದು ಬೇರೆ ದೇಶಕ್ಕೆ ಹೊರಟ. ಮನೆ ನೋಡಿಕೊಳ್ಳಲು ತಂಗಿಯನ್ನು ಕರೆದ. ‘ಎರಡ ವರ್ಷ ಶಾಂತೂ, ಕಣ್ಣ ಮುಚ್ಚಿ ತಗಿಯೂದ್ರಾಗ ಬಂದಬಿಡ್ತೀನಿ’ ಎಂದು ಹೋದಳು. ಎರಡಕ್ಕೆ ಇನ್ನೆರಡು ಸೇರಿತು.

ಖಾನಾಪುರದಿಂದ ಹಲಸಿಗೆ ಹೋಗುವ ರಸ್ತೆಯಲ್ಲಿ ನನ್ನ ಪಾಲಿಗೆ ಬಂದ ಸಣ್ಣ ಜಾಗವಿದೆ. ಅಲ್ಲಿ ನಾವಿಬ್ಬರೂ ಒಂದು ಮನೆ ಕಟ್ಟಿಕೊಳ್ಳುವುದೆಂದು ಕ್ಯಾಂಪಿನ ಕಟ್ಟೆಯ ಮೇಲೆ ಕೂತೇ ತೀರ್ಮಾನವಾಗಿತ್ತು. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಖಾನಾಪುರದ ಹಂಚು, ಬಚ್ಚಲ ನೀರು ಬಾಳೆಗೆ. ಒಂದು ಛಾವಣಿ, ಎರಡು ಬಾಗಿಲು. ಇಲ್ಲಿಗೆ ಬಂದ ಮೇಲೆ ಫಿಲೂ ಅದಕ್ಕೊಂದು ಸೇರಿಸಿದಳು. ಫೋನಿನಲ್ಲಿ ತನ್ನ ಅಡುಗೆಮನೆ ತೋರಿಸಿದಳು: ಗೋಡೆಯಲ್ಲಿ ಟೊಂಕದೆತ್ತರಕ್ಕೆ ಒಂದು ಪುಟ್ಟ ಮರದ ಕಿಟಕಿ, ತೆಗೆದರೆ ಕೆಳಗೆ ಕಪ್ಪಗೆ ನೀರು. ಛಾವಣಿಯ ಮಳೆನೀರೆಲ್ಲ ಮನೆಯ ಕೆಳಗಿನ ಟಾಕಿಗೆ.

‘ನಮ್ಮ ಮನ್ಯಾಗೂ ಹಿಂಗ ಮಾಡೂಣು. ನಿನ್ನ ಅಡಿಗಿಮನ್ಯಾಗ ಒಂದ ಕಿಡಕಿ, ನನ್ನ ಅಡಿಗಿಮನ್ಯಾಗ ಒಂದ. ನಡುವ ಟಾಕಿ’ ಎಂದಳು.

ಪರಶರಾಮ ಗೌಂಡಿಗೆ ಹೇಳಿದರೆ ಅವನು ನಕ್ಕ. ‘ಅಕ್ಕಾರ, ಖಾನಾಪುರದಾಗ ಮಳಿನೀರ ಹಿಡದಿಡೂದಂದ್ರ ಮಂದಿ ನಗ್ತಾರ್ರಿ. ನಾಕ ತಿಂಗಳ ಆಕಾಶನ ಸೋರ್ತೈತಿ.’

‘ಏಪ್ರಿಲ್‌ದಾಗ ಟ್ಯಾಂಕರ್ ಬಂತಂತ ಕೊಡಾ ಹಿಡಕೊಂಡ ಓಡೋರು ಯಾರಪಾ ಹಂಗಾರ?’

‘ಅದೂ ಖರೇನ ಬಿಡ್ರಿ.’ ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆಯಲು ಕೂತವನು ಕೈ ಹಾಗೇ ಹಿಡಿದು ಕೇಳಿದ: ‘ಪಾಯಾ ತಗಿಯೂಕ್ಕಿಂತ ಮೊದಲ ಒಂದ ಮಾತ ಹೇಳ್ರಿ. ಎರಡ ಬಾಗಲಾನೋ, ಒಂದೋ? ಫಿಲೂಬಾಯಾರು ಬರೂದು ಪಕ್ಕಾ ಹೌದಲ್ಲೋ?’

ದಸರಾ ರಜೆ ಮುಗಿದ ಮೇಲೆ ಹೇಳುತ್ತೇನೆ ಎಂದೆ. ಫಿಲೂ ಅದೇ ವಾರ ಫೋನಿನಲ್ಲಿ, ‘ದಸರಾ ಸೂಟಿಗೆ ಇಲ್ಲೇ ಬಾ, ಮನಿ ತೋರಸ್ತೀನಿ’ ಎಂದಿದ್ದಳು. ಮನೆ ನೋಡುವ ಆಸೆ ಇತ್ತು. ಆದರೆ ಅವಳ ಮುಖ ನೋಡಿ ಕೇಳಬೇಕು, ಅದಕ್ಕೇ ಹೊರಟೆ. ರವಿವಾರ ಪೇಟೆಯಲ್ಲಿ ಜೋಳದ ಹಿಟ್ಟು, ಒಣ ಮೆಣಸಿನಕಾಯಿ ಕಟ್ಟಿಸಿಕೊಂಡೆ. ಒಂದು ಡಬ್ಬಿ ಕುಂದಾ.

ಲಿಸ್ಬನ್

ಕುಂದಾ ಲಿಸ್ಬನ್ ವಿಮಾನ ನಿಲ್ದಾಣದಲ್ಲೇ ಹೋಯಿತು. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. ಜೋಳದ ಹಿಟ್ಟಿನ ಚೀಲ ಬಿಚ್ಚಿ ಅಧಿಕಾರಿ ಮೂಸಿ ನೋಡಿದ. ನನಗೆ ಭಾಷೆ ಬಾರದು. ಎರಡೂ ಕೈ ಎತ್ತಿ ರೊಟ್ಟಿ ಬಡಿದು ತೋರಿಸಿದೆ. ಪಕ್ಕದ ಮೇಜಿನ ಹೆಂಗಸು ನಕ್ಕು, ತಾನೂ ಗಾಳಿಯಲ್ಲಿ ಒಂದು ರೊಟ್ಟಿ ಬಡಿದಳು. ಹಿಟ್ಟು ಪಾರಾಯಿತು.

ಊರು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ನಾವು ಬಚ್ಚಲಿಗೆ ಹಚ್ಚುವ ಹೊಳೆಯುವ ಟೈಲ್ಸನ್ನು ಇವರು ಬೀದಿಯ ಕಡೆಯ ಗೋಡೆಗೆ ಹಚ್ಚುತ್ತಾರೆ. ನೀಲಿ ಹೂ, ಹಳದಿ ಬಳ್ಳಿ. ಮಳೆ ಬಂದರೆ ಮನೆ ತಾನೇ ಮೈ ತೊಳೆದುಕೊಳ್ಳುತ್ತದೆ, ಬಣ್ಣ ಹಚ್ಚಿಸುವ ಕೆಲಸವೇ ಇಲ್ಲ. ಇದನ್ನು ಫಿಲೂಗೆ ಹೇಳಬೇಕೆಂದುಕೊಂಡೆ. ಕ್ಯಾಂಪಿನಲ್ಲಿ ಇದ್ದಾಗಲೂ ಹೀಗೇ: ಸಂಜೆ ಹೇಳಬೇಕಾದ್ದನ್ನೆಲ್ಲ ಹಗಲೆಲ್ಲ ಕೂಡಿಸಿಡುವುದು. ಅವಳು ಹೋದ ಮೇಲೂ ಕೂಡಿಸಿಡುವುದು ಬಿಟ್ಟಿರಲಿಲ್ಲ.

ತಪ್ಪಿ ಇಳಿದ ಊರು

ಬಸ್ಸು ನಿಂತ ಕಡೆ ಒಂದು ಬಿಳೀ ಮನೆ. ಬುಡದಲ್ಲಿ ಮೊಳದಗಲ ನೀಲಿ ಪಟ್ಟಿ, ಮೇಲೆ ಮಣ್ಣಿನ ಹಂಚು, ಬಾಗಿಲ ಮುಂದೆ ದ್ರಾಕ್ಷಿ. ಫೋಟೋದಲ್ಲಿದ್ದ ಫಿಲೂನ ಮನೆಯೇ. ಬ್ಯಾಗು ಎಳೆದುಕೊಂಡು ಇಳಿದುಬಿಟ್ಟೆ. ಬಸ್ಸು ಹೋದ ಮೇಲೆ ನೋಡುತ್ತೇನೆ, ಅದರ ಪಕ್ಕದ್ದೂ ಅದೇ ಮನೆ, ಎದುರಿನದೂ ಅದೇ ಮನೆ. ಆ ಸೀಮೆಯಲ್ಲಿ ಎಲ್ಲ ಮನೆಯೂ ಫಿಲೂನ ಮನೆಯೇ.

ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದ. ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಟೊಪ್ಪಿಗೆಯೊಳಗಿಂದ ಎರಡು ಅಂಜೂರ ತೆಗೆದು ಒಂದು ನನಗೆ ಕೊಟ್ಟ. ನಮ್ಮ ಕಡೆಯಾದರೆ ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ಅಷ್ಟರಲ್ಲಿ ಕೇಳಿ ಮುಗಿಯುತ್ತಿತ್ತು. ಅವನು ಏನೂ ಕೇಳಲಿಲ್ಲ. ಕೇಳಿದ್ದರೂ ನನಗೆ ಹೇಳಲು ಬರುತ್ತಿರಲಿಲ್ಲ. ಇಬ್ಬರೂ ರಸ್ತೆ ನೋಡುತ್ತ ಅಂಜೂರ ತಿಂದೆವು.

ಫೋನು ಮಾಡಿದ್ದಕ್ಕೆ ಫಿಲೂ ಬ್ರೆಡ್ಡಿನ ವ್ಯಾನಿನಲ್ಲಿ ಕೂತು ಬಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ. ಪಟ್ಟೆಪಟ್ಟೆಯ ಏಪ್ರನ್ನು, ಕಾಲಲ್ಲಿ ಬೂಟು.

‘ಅಲ್ಲಲೇ ಶಾಂತೂ, ಲೋಂಡಾದಾಗ ಇಳಿಯಂದ್ರ ಖಾನಾಪುರದಾಗ ಇಳಿಯೂ ಚಾಳಿ ನಿಂದು ಇನ್ನೂ ಹೋಗಿಲ್ಲಲ್ಲ!’

‘ನಿಮ್ಮ ಮಂದಿ ಮನಿಗೆ ಬ್ಯಾರೆ ಬ್ಯಾರೆ ಬಣ್ಣಾ ಹಚ್ಚಿದ್ರ ನನಗ ತಿಳೀತಿತ್ತು.’

‘ನನ್ನ ಮಂದಿ’ ಎಂದು ಅವಳು ನಕ್ಕಳು. ವ್ಯಾನಿನಲ್ಲಿ ಬಿಸಿ ಬ್ರೆಡ್ಡಿನ ಬುಟ್ಟಿಗಳ ನಡುವೆ ಕೈ ಹಿಡಿದುಕೊಂಡು ಕೂತು ಊರು ಮುಟ್ಟಿದೆವು.

ಫಿಲೂನ ಮನೆ

ಮನೆ ಚೆಂದ ಅಂದರೆ ಸಾಲದು, ಜಾಣ ಮನೆ. ಗೋಡೆ ಮಣ್ಣಿನದು, ಹಲಗೆಗಳ ನಡುವೆ ಒದ್ದೆ ಮಣ್ಣು ಹಾಕಿ ದಮ್ಮಸ್ಸು ಮಾಡಿದ್ದು, ನನ್ನ ತೋಳು ಚಾಚಿದರೂ ಕಿಟಕಿಯ ಆಚೆ ಅಂಚು ಸಿಗುವುದಿಲ್ಲ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಹಲಸಿಯ ಹಳೇ ಗುಡಿಯೊಳಗೆ ಕಾಲಿಟ್ಟ ಹಾಗೆ ತಂಪು. ದ್ರಾಕ್ಷಿಯ ಬಳ್ಳಿ ಬೇಸಿಗೆಯಲ್ಲಿ ಬಾಗಿಲಿಗೆ ನೆರಳು ಹಿಡಿಯುತ್ತದೆ, ಚಳಿಗೆ ಎಲೆ ಉದುರಿಸಿ ಬಿಸಿಲನ್ನು ಒಳಗೆ ಬಿಡುತ್ತದೆ. ಫ್ಯಾನಿಲ್ಲ. ಅಂಗಳಕ್ಕೆ ಹುಲ್ಲಿಲ್ಲ, ಸಣ್ಣ ಕಲ್ಲು ಹಾಸಿ ನಡುನಡುವೆ ನೀರು ಕೇಳದ ಗಿಡ. ಪಾತ್ರೆ ತೊಳೆದ ನೀರು ನಿಂಬೆಗೆ. ಒಂದು ಮೂಲೆಯಲ್ಲಿ ಕೊತ್ತಂಬರಿ ಕೂಡ ಬೆಳೆದಿತ್ತು! ಈ ಸೀಮೆಯವರು ಅದಿಲ್ಲದೆ ಸಾರು ಕಾಯಿಸುವುದಿಲ್ಲವಂತೆ. ಒಂದು ಎಲೆ ತಿಕ್ಕಿ ಮೂಸಿದೆ. ಇನ್ನೆರಡು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡೆ.

ನಾನು ಟೇಪು ತಂದಿದ್ದೆ, ಹೊಲಿಗೆಯದು. ಗೋಡೆಯ ದಪ್ಪ, ಕಿಟಕಿಯ ಎತ್ತರ ಎಲ್ಲ ಅಳೆದೆ. ‘ಜಂಪರ್ ಹೊಲೀತಿ ಏನ ಮನಿಗೆ?’ ಎಂದು ಫಿಲೂ ಛೇಡಿಸಿದಳು.

ಮನೆಯ ಇನ್ನೊಂದು ಅರ್ಧದಲ್ಲಿ ಲುರ್ದಿಶ್ ಎಂಬ ಅಜ್ಜಿ. ಗಂಡ ಇಲ್ಲ, ಮಕ್ಕಳಿಲ್ಲ. ಹಿಂದೆ ಅದೆಲ್ಲ ಒಂದೇ ಮನೆಯಂತೆ, ನಡುವೆ ಗೋಡೆ ಎಬ್ಬಿಸಿ ಒಂದು ಪಾಲನ್ನು ಫಿಲೂನ ಅಣ್ಣನಿಗೆ ಮಾರಿದ್ದರು. ಸಂಜೆ ಎಲ್ಲರೂ ಬೀದಿಯಲ್ಲಿ ಗಿಡ್ಡ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಹಾದುಹೋಗುವವರೆಲ್ಲ, ಗುರುತಿಲ್ಲದವರೂ ನಮಸ್ಕಾರ ಹೇಳಿಯೇ ಹೋಗುತ್ತಾರೆ. ಫಿಲೂ, ಅಜ್ಜಿ, ನೆರೆಯವರು ಗಲಗಲ ಮಾತಾಡುತ್ತಿದ್ದರು. ಫಿಲೂ ನಡುನಡುವೆ ನನ್ನ ಕಡೆ ತಿರುಗಿ ಒಂದು ಮಾತು ಕನ್ನಡ ಮಾಡಿ ಹೇಳುವಳು, ಅಷ್ಟರಲ್ಲಿ ಅವರೆಲ್ಲ ನಕ್ಕು ಮುಗಿಸಿರುತ್ತಿದ್ದರು. ನಾನು ಎಲ್ಲರಿಗಿಂತ ಹಿಂದೆ ಒಬ್ಬಳೇ ನಗುತ್ತಿದ್ದೆ.

ಬ್ರೆಡ್ಡು ಕೊಯ್ಯುವಾಗ ಅಜ್ಜಿ ಅದನ್ನು ಎದೆಗವುಚಿಕೊಂಡು ಚೂರಿಯನ್ನು ತನ್ನ ಕಡೆಗೇ ಎಳೆಯುತ್ತಾಳೆ. ನನಗೆ ಜೀವ ಹಾರುತ್ತದೆ. ಫಿಲೂ ಕೂಡ ಈಗ ಹಾಗೇ ಕೊಯ್ಯುತ್ತಾಳೆ.

ಬೆಳಿಗ್ಗೆ ಬಕೆಟ್ಟಿನ ಹಿಡಿ ಎಲ್ಲೋ ಟಣ್ ಟಣ್ ಎಂದು ಎರಡು ಸಲ ಬಡಿಯುವುದು ಕೇಳುತ್ತಿತ್ತು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಎರಡು ಸಲ. ಫಿಲೂ ಟಾಕಿಯಿಂದ ನೀರು ಸೇದುವ ಸದ್ದೆಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಬಾಗಿಲಿನ ಪ್ರಶ್ನೆ ದಿನವೂ ಬಾಯಿಗೆ ಬಂದು ದಿನವೂ ಹಿಂದೆ ಹೋಗುತ್ತಿತ್ತು. ಅವಳೂ ಖಾನಾಪುರದ ಮಾತು ಎತ್ತಲಿಲ್ಲ.

ಮೊದಲ ಮಳೆ

ಒಂದು ಮುಂಜಾನೆ ಫಿಲೂ ಅಂಚೆ ಕಚೇರಿಗೆ ಹೋದಾಗ ಮಳೆ ಬಂತು. ಇವರ ಮಳೆ ನಮ್ಮದು ಮುಗಿದ ಮೇಲೆ ಸುರುವಾಗುವಂಥದ್ದು. ಬೇಸಿಗೆ ಪೂರ್ತಿ ಒಂದು ಹನಿ ಇರಲಿಲ್ಲವಂತೆ. ನಾನು ಖುಷಿಯಿಂದ ಬಾಗಿಲಿಗೆ ಬಂದೆ. ನೋಡಿದರೆ ಛಾವಣಿಯ ನೀರಿಳಿಯುವ ಕೊಳವೆಯ ಮೂತಿ ಟಾಕಿಯ ಬಾಯಿಗಿಲ್ಲ, ಬೀದಿಗೆ ತಿರುಗಿದೆ. ಅಷ್ಟೂ ನೀರು ಗಟಾರಿಗೆ!

ಯಾರೋ ತಿರುಗಿಸಲು ಮರೆತಿದ್ದಾರೆ ಎಂದುಕೊಂಡೆ. ಸೆರಗು ಸಿಕ್ಕಿಸಿ, ನೆನೆಯುತ್ತ ಹೋಗಿ, ಬಲ ಹಾಕಿ ಮೂತಿಯನ್ನು ಟಾಕಿಯ ಕಡೆ ತಿರುಗಿಸಿದೆ. ನೀರು ಒಳಗೆ ಧುಮುಕುವ ಸದ್ದು ಕೇಳಿ, ಇಷ್ಟು ದಿನ ಕೂತು ಉಂಡದ್ದಕ್ಕೆ ಒಂದು ಉಪಕಾರವಾದರೂ ಮಾಡಿದೆನಲ್ಲ ಎಂದು ಸಮಾಧಾನವಾಯಿತು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ನಾಲ್ಕು ಸಲ ಬಂದು ಹಂಚು ತೊಳೆದು ಹೋಗುತ್ತದೆ. ಜೂನಿನಲ್ಲಿ ನಾವು ಕೊಡ ಇಡುವ ಹೊತ್ತಿಗೆ ಛಾವಣಿ ಸ್ವಚ್ಛ. ಅದಕ್ಕೇ ಮೊದಲ ನೀರು, ಎರಡನೇ ನೀರು ಎಂಬ ಲೆಕ್ಕ ನನ್ನ ತಲೆಯಲ್ಲಿ ಇರಲಿಲ್ಲ. ಇಲ್ಲಿ ಛಾವಣಿ ತೊಳೆಯುವುದೂ ಇದೇ ಮಳೆಯೇ. ಬೇಸಿಗೆಯ ದೂಳು, ಪಾರಿವಾಳದ ಹಿಕ್ಕೆ, ಅಂಜೂರದ ಕೊಳೆತ ಎಲೆ ಎಲ್ಲ ಬೀದಿಗೆ ಹೋಗಲೆಂದೇ ಆ ಮೂತಿಯನ್ನು ಹಾಗೆ ತಿರುಗಿಸಿಟ್ಟಿದ್ದರು.

ಫಿಲೂ ಬಂದವಳು ಮೂತಿ ನೋಡಿ ನಿಂತುಬಿಟ್ಟಳು. ಓಡಿಹೋಗಿ ಅಡುಗೆಮನೆಯ ಕಿಟಕಿ ತೆರೆದಳು. ನಾನೂ ಅವಳ ಭುಜದ ಮೇಲಿಂದ ಬಗ್ಗಿದೆ. ನೀರಿನ ಮೇಲೆ ಚಹಾದ ಬಣ್ಣದ ನೊರೆ, ಗರಿ.

ಆಗಲೇ ನೀರಿನ ಆಚೆ ದಡದಲ್ಲಿ ಬೆಳಕಿನ ಒಂದು ಚೌಕ ತೆರೆಯಿತು. ಇನ್ನೊಂದು ಕಿಟಕಿ. ಅದರಲ್ಲಿ ಲುರ್ದಿಶಜ್ಜಿಯ ಮುಖ, ಕೈಯಲ್ಲಿ ಬಕೆಟ್ಟು. ಅವಳು ಹಿಡಿಯನ್ನು ಕಲ್ಲಿಗೆ ಟಣ್ ಟಣ್ ಎಂದು ಬಡಿದಳು. ಫಿಲೂ ಏನೂ ಯೋಚಿಸದೆ ಕೈ ಚಾಚಿ, ತನ್ನ ಬಕೆಟ್ಟನ್ನು ಎರಡು ಸಲ ಬಡಿದಳು.

‘ಏನದು?’ ಎಂದೆ.

‘ಏನಿಲ್ಲ. ಮುಂಜಾನೆ ಯಾರ ಮೊದಲ ಏಳ್ತಾರೋ ಅವರ ಬಡೀತೀವಿ. ಎದ್ದೀನಿ, ಅರಾಮ ಅದೀನಿ ಅಂತ. ಮಲಗೂಮುಂದೂ ಅಷ್ಟ.’

ಅಡುಗೆಮನೆ ಆಚೆ ಒಂದು, ಈಚೆ ಒಂದು. ನಡುವೆ ಟಾಕಿ. ಪರಶರಾಮನಿಗೆ ನಾನು ಎಷ್ಟು ಸಲ ಕೈಯಾಡಿಸಿ ವಿವರಿಸಿದ್ದೆನೋ, ಆ ಮನೆ ಇದೇ. ಫೋನಿನಲ್ಲಿ ಅವಳು ತೋರಿಸಿದ್ದು ಈಚೆ ಕಿಟಕಿ ಒಂದನ್ನೇ.

ಅಜ್ಜಿ ಬೈಯುತ್ತಾಳೆಂದು ಹೆದರಿದ್ದೆ. ಅವಳಿಗೆ ನಲ್ಲಿನೀರು ಸೇರುವುದಿಲ್ಲ, ಕುಡಿಯಲು ಇದೇ ಬೇಕು. ಅವಳು ಬಾಗಿಲಿಗೇ ಬಂದು ನನ್ನ ಒದ್ದೆ ಕೆನ್ನೆ ಮುಟ್ಟಿ ಏನೋ ಹೇಳಿದಳು.

‘ಹೆಂಗೂ ಈ ವರ್ಷ ತೊಳೀಬೇಕ ಅಂತಿದ್ವಿ ಅಂತಾಳ’ ಎಂದಳು ಫಿಲೂ. ಅಜ್ಜಿ ಆಚೆ ಹೋದ ಮೇಲೆ ಸೇರಿಸಿದಳು: ‘ಸುಳ್ಳ. ಹೋದ ವರ್ಷನ ತೊಳದೀವಿ.’

ಸುಣ್ಣ

ಟಾಕಿ ಬರಿದು ಮಾಡುವುದರಲ್ಲಿ ಒಂದು ದಿನ ಹೋಯಿತು. ಕೆಟ್ಟ ನೀರೂ ಪೋಲಾಗಲಿಲ್ಲ, ಬಕೆಟ್ಟು ಬಕೆಟ್ಟಾಗಿ ಗಿಡಗಳಿಗೆ ಹೊತ್ತೆವು. ಮರುದಿನ ಫಿಲೂ ಏಣಿ ಇಳಿದು ಕೆಳಗೆ ಹೋಗಿ ಗೋಡೆಗೆ ಸುಣ್ಣ ಬಳಿಯಲು ನಿಂತಳು. ಅಜ್ಜಿ ತನ್ನ ಅಂಗಳದ ಪೀಪಾಯಿಯಿಂದ ಹಳೇ ಸುಣ್ಣ ತೋಡಿಕೊಟ್ಟಳು. ಇಲ್ಲಿ ಮನೆಗೆ ಸುಣ್ಣ ಬಳಿಯುವುದು ಹೆಂಗಸರ ಕೆಲಸ, ನಮ್ಮಲ್ಲಿ ಸಾರಿಸುವುದು ಇದ್ದ ಹಾಗೆ. ನಾನು ಕಿಟಕಿಯಲ್ಲಿ ನಿಂತು ಕಲಸಿದ ಸುಣ್ಣವನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದೆ.

ಕೆಳಗಿನಿಂದ ಅವಳ ಮಾತು ಗುಂಯ್ ಎಂದು ಕೇಳುತ್ತಿತ್ತು. ‘ದಪ್ಪಗ ಬಳದರ ಚಲೋ. ಇನ್ನ ಹತ್ತ ವರ್ಷ ನೋಡೂದ ಬ್ಯಾಡ.’

ಹತ್ತು ವರ್ಷ. ಹಗ್ಗ ಕೈಯಲ್ಲೇ ಇತ್ತು. ಅವಳ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಧೈರ್ಯ ಬಂತೋ ಏನೋ.

‘ಫಿಲೂ, ಪರಶರಾಮ ಕೇಳಾಕತ್ತಾನ. ಎರಡ ಬಾಗಲಾನೋ, ಒಂದೋ ಅಂತ.’

ಕುಂಚದ ಸದ್ದು ನಿಂತಿತು. ಆಮೇಲೆ ಮತ್ತೆ ಸುರುವಾಯಿತು.

‘ಸುಣ್ಣಾ ಇನ್ನೊಂದೀಟ ತೆಳ್ಳಗ ಮಾಡ’ ಎಂದಳು. ಮಾಡಿ ಕೊಟ್ಟೆ. ಬಕೆಟ್ಟು ತಳ ಮುಟ್ಟಿತು, ಆದರೆ ಅವಳು ಹಗ್ಗ ಬಿಚ್ಚಲಿಲ್ಲ.

‘ಫೋನಿನ್ಯಾಗ ಹೇಳಾಕ ಆಗಲಿಲ್ಲ ಶಾಂತೂ. ಅದಕ್ಕ ಮನಿ ನೋಡಾಕ ಬಾ ಅಂದೆ. ನೋಡಿದ್ರ ನಿನಗ ತಿಳೀತದ ಅಂದ್ಕೊಂಡೆ.’

‘ಅಳತಿ ತಗೊಳ್ಳಾಕತ್ತಿದ್ದೆ ನಾ.’

‘ಗೊತ್ತದ. ಆ ಟೇಪ ನೋಡಿದಾಗೊಮ್ಮೆ ಇವತ್ತ ಹೇಳಿಬಿಡ್ತೀನಿ ಅಂತಿದ್ದೆ.’ ಕುಂಚವನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತ, ‘ಅಜ್ಜೀಗೆ ಯಾರೂ ಇಲ್ಲ’ ಎಂದಳು.

ನನಗೂ ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿ ಅವಳು ಏಣಿ ಹತ್ತಿ ಬಂದರೂ ಬರಬಹುದಿತ್ತು. ಆಚೆ ಕಿಟಕಿಯಲ್ಲಿ ಅಜ್ಜಿ, ಏನೂ ತಿಳಿಯದೆ, ಇನ್ನೊಂದು ಬಕೆಟ್ಟು ಸುಣ್ಣ ಹಿಡಿದು ಕಾಯುತ್ತಿದ್ದಳು.

‘ಮೂಲಿ ಬಿಟ್ಟಿ ನೋಡ, ಎಡಕ್ಕ’ ಎಂದೆ.

ಅವಳು ಎಡಮೂಲೆಗೆ ಹೋಗಿ ಬಳಿದಳು. ಮೇಲೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಕಣ್ಣು ಕೆಂಪಾದದ್ದಕ್ಕೆ ಇಬ್ಬರೂ ಸುಣ್ಣದ ಹೆಸರು ಹೇಳಿದೆವು.

ಇವತ್ತಿನ ಊಟ

ಪರಶರಾಮ ಫೋನು ಎತ್ತಿದಾಗ ಹಿಂದೆ ಯಾರೋ ಮರಾಠಿಯಲ್ಲಿ ಇಟ್ಟಿಗೆ ಎಣಿಸುತ್ತಿದ್ದರು.

‘ಒಂದ ಬಾಗಲಾ, ಪರಶರಾಮ’ ಎಂದೆ.

‘ಆತ್ರಿ ಅಕ್ಕಾರ.’ ಯಾಕೆ ಎಂದು ಅವನು ಕೇಳಲಿಲ್ಲ, ಅದು ಅವನ ದೊಡ್ಡತನ. ‘ಟಾಕಿ ಸಣ್ಣದ ಮಾಡ್ಲೇನ್ರಿ ಹಂಗಾರ?’

‘ಬ್ಯಾಡ. ಅಷ್ಟ ಇರ್ಲಿ. ಕೊಳವಿ ಮೂತಿ ಮಾತ್ರ ತಿರಗೂ ಹಂಗ ಮಾಡ, ಮೊದಲ ಮಳಿ ಹೊರಗ ಹೋಗ್ಬೇಕು.’

‘ಎರಡನೇ ಕಿಡಕಿ ತಗದಬಿಡ್ತೀನ್ರಿ.’

‘ಅದೂ ಇರ್ಲಿ. ರಸ್ತಾದ ಕಡೆ ಮಾಡ.’

‘ರಸ್ತಾದ ಕಡೇನಾ? ಏಪ್ರಿಲ್‌ದಾಗ ದಾರ್ಯಾಗ ಹೋಗೋರೆಲ್ಲ ಬಂದ ಬಕೀಟ ಬಿಡ್ತಾರ್ರಿ ಅಕ್ಕಾರ!’

‘ಬಿಡ್ಲಿ’ ಎಂದೆ.

ಮಧ್ಯಾಹ್ನ ಮೂವರೂ ಫಿಲೂನ ಅಡುಗೆಮನೆಯಲ್ಲಿ ಉಂಡೆವು. ಅಜ್ಜಿ ಬೆಳ್ಳುಳ್ಳಿ, ಕೊತ್ತಂಬರಿ, ಉಪ್ಪು ಕುಟ್ಟಿ, ಆಲಿವ್ ಎಣ್ಣೆ ಹಾಕಿ, ಕುದಿವ ನೀರು ಹೊಯ್ದು, ಅದರಲ್ಲಿ ನಿನ್ನೆಯ ಬ್ರೆಡ್ಡು ಮುರಿದು ಹಾಕಿದಳು. ಅವರಿಬ್ಬರ ಬಟ್ಟಲಿಗೆ ಮೊಟ್ಟೆ, ನನಗೆ ಬರೀ ಬ್ರೆಡ್ಡು. ನಾನು ನಾಲ್ಕು ರೊಟ್ಟಿ ಬಡಿದು, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ ಮುಟಗಿ ಮಾಡಿದೆ. ಶೇಂಗಾ ಎಣ್ಣೆ ಇರಲಿಲ್ಲ, ಅವರ ಎಣ್ಣೆಯನ್ನೇ ಹೊಯ್ದೆ. ಎರಡೂ ಒಂದೇ ಅಡುಗೆ, ಊರು ಬೇರೆ. ಅಜ್ಜಿ ಕಣ್ಣು ಮೂಗು ಸುರಿಸುತ್ತ ಪೂರ್ತಿ ತಿಂದಳು. ಫಿಲೂ ಎರಡನೇ ಮುಟಗಿ ಮುರಿಯುತ್ತ, ‘ಇದನ್ನ ಮೀನಿನ ಹಂಚಿನ ಮ್ಯಾಲ ಬಡದೀ ನೋಡ, ವಾಸನಿ ಬರಾಕತ್ತೈತಿ’ ಎಂದಳು. ಖರೇ ಇತ್ತು. ಈ ಸಲ ಜಗಳ ಮಾಡಲಿಲ್ಲ.

ಊಟದ ಮೇಲೆ ಈ ಊರೆಲ್ಲ ಮಲಗುತ್ತದೆ. ಮೊದಲು ಮಲಗಿದವಳು ಲುರ್ದಿಶಜ್ಜಿ. ಗೋಡೆಯಾಚೆ ಬಕೆಟ್ಟು ಎರಡು ಸಲ ಬಡಿದು, ಕಿಟಕಿ ಮುಚ್ಚಿದ ಸದ್ದಾಯಿತು. ಫಿಲೂ ಮಲಗಿದಲ್ಲಿಂದ ಎದ್ದುಹೋಗಿ ತಾನೂ ಎರಡು ಸಲ ಬಡಿದು, ಕಿಟಕಿ ಮುಚ್ಚಿ ಬಂದಳು. ದಿಂಬಿಗೆ ತಲೆ ಕೊಟ್ಟದ್ದೇ ನಿದ್ದೆ ಹೋದಳು. ಕ್ಯಾಂಪಿನಲ್ಲಿ ಯಾವಾಗಲೂ ಮೊದಲು ಮಲಗುವವಳು ನಾನು.

ಬಸ್ಸಿಗೆ ಇನ್ನೂ ಹೊತ್ತಿತ್ತು, ಸೀರೆ ಒಣಗಿದೆಯೋ ಇಲ್ಲವೋ ನೋಡಲು ಅಂಗಳಕ್ಕೆ ಹೋದೆ.